ಅಗ್ಗದ ಕಿವಿಗಳ ಜೊತೆ ನೌಕರಿ

ನಿವೃತ್ತನಾದ ಮೇಲೆ ಉಮರ್ಗಾದ ನಮ್ಮ ಮನೆಗೆ ಆಗಾಗ ಎಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರು ಬರುತ್ತಾರೆ. ವೈರ್‌ಲೆಸ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ, ಎರಡು ಮಾತು ಹೇಳಿ ಅನ್ನುತ್ತಾರೆ. ನಾನು ಚಹಾ ಕುಡಿಸಿ, ಏಣಿ ಹತ್ತುವುದು ಕಲಿಯಿರಿ ಅನ್ನುತ್ತೇನೆ. ಅವರು ನಗುತ್ತಾರೆ. ಇನ್ನೊಂದು ಮಾತು ಹೇಳಿ ಅಂದರೆ, ಸಾಹೇಬರು ಮಾತಾಡುವಾಗ ತಲೆ ಆಡಿಸುವುದು ಕಲಿಯಿರಿ ಅನ್ನುತ್ತೇನೆ. ಆಗಲೂ ನಗುತ್ತಾರೆ. ಮೂರು ತಿಂಗಳ ಮೇಲೆ ಫೋನ್ ಮಾಡಿ, ಸರ್ ನೀವು ಹೇಳಿದ್ದು ಖರೇ ಇತ್ತು ಅನ್ನುತ್ತಾರೆ. ದಿನಾ ಇದನ್ನೇ ಹೇಳುವುದು ಬೇಜಾರಾಗಿ, ಒಮ್ಮೆ ಬರೆದು ಇಟ್ಟುಬಿಡೋಣ ಅಂತ ಕೂತಿದ್ದೇನೆ.

ನಾನು ಭಾಲ್ಕಿ ಕಡೆಯ ಮಠಪತಿ. ಹೆಂಡತಿಯ ತವರು ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾ, ಹೀಗಾಗಿ ಇಲ್ಲೇ ನೆಲೆ ನಿಂತವನು. ಒಂದು ವೈರ್‌ಲೆಸ್ ಕಂಪನಿಯ ಫೀಲ್ಡ್ ಪರೀಕ್ಷೆಯ ತಂಡದಲ್ಲಿ ದುಡಿದೆ. ಪುಣೆಯ ಲ್ಯಾಬಿನಲ್ಲಿ ಚೆಂದವಾಗಿ ನಡೆದ ಯಂತ್ರವನ್ನು ಉಮರ್ಗಾ, ನಿಲಂಗಾ, ಉದಗೀರ ಕಡೆ ತಂದು, ಅದು ಇಲ್ಲಿ ಯಾಕೆ ನಡೆಯುವುದಿಲ್ಲ ಎಂದು ಪತ್ತೆ ಮಾಡುವುದು ನಮ್ಮ ಕೆಲಸ. ಕಾರಣ ಮೊದಲೇ ಗೊತ್ತಿರುತ್ತಿತ್ತು. ಒಂದೋ ನಮ್ಮ ಬಿಸಿಲು, ಇಲ್ಲವೇ ನಮ್ಮ ಕರೆಂಟು, ಎರಡೂ ಅಲ್ಲದಿದ್ದರೆ ನಮ್ಮ ಜನ. ಯಂತ್ರದ ತಪ್ಪು ಇರುವ ಮಾತೇ ಇರಲಿಲ್ಲ, ಅದು ಲ್ಯಾಬಿನಲ್ಲಿ ಪಾಸಾಗಿ ಬಂದಿತ್ತಲ್ಲ.

ಆ ಯಂತ್ರ ಏನು ಎಂದು ಸ್ವಲ್ಪ ಹೇಳಬೇಕು. ಗಾಳಿಯಲ್ಲಿ ಬಂದ ಅಲೆಯನ್ನು ಆಂಟೆನಾ ಹಿಡಿಯುತ್ತದೆ. ಅದು ಕಂಪ್ಯೂಟರಿಗೆ ತಿಳಿಯಬೇಕಾದರೆ ಅಂಕಿಯಾಗಬೇಕು, ಆ ಕೆಲಸ ಕನ್ವರ್ಟರಿನದು. ಒಳ್ಳೆಯ ಕನ್ವರ್ಟರು ಅಲೆ ಎಷ್ಟು ಎತ್ತರ, ಎಷ್ಟು ತಗ್ಗು ಅಂತ ಅಕ್ಕಸಾಲಿಗನ ತಕ್ಕಡಿಯ ಹಾಗೆ ತೂಗಿ ಹೇಳುತ್ತದೆ. ಆದರೆ ಅದು ದುಬಾರಿ, ಕರೆಂಟನ್ನೂ ಕುಡಿಯುತ್ತದೆ. ಒಂದೆರಡು ಆಂಟೆನಾ ಇದ್ದಾಗ ನಡೆಯಿತು. ಒಂದೇ ಹಲಗೆಯ ಮೇಲೆ ಹತ್ತಾರು ಆಂಟೆನಾ ಕೂರಿಸುವ ಕಾಲ ಬಂದಾಗ ಕಂಪನಿಯ ಎದೆ ಧಸಕ್ಕೆಂದಿತು. ಆಗ ಬಂತು ಅಗ್ಗದ ಕನ್ವರ್ಟರು. ಇದಕ್ಕೆ ಬರುವುದು ಎರಡೇ ಮಾತು, ಅಲೆ ಸೊನ್ನೆಗಿಂತ ಮೇಲಿದೆ ಅಥವಾ ಕೆಳಗಿದೆ. ಎಷ್ಟು ಮೇಲೆ ಎಂದು ಕೇಳಬಾರದು. ಇಂಥ ಅರೆಗಿವುಡರನ್ನು ಸಾಲಾಗಿ ಕೂರಿಸಿ, ಅವರೆಲ್ಲ ಹೇಳಿದ ‘ಮೇಲೆ’, ‘ಕೆಳಗೆ’ಗಳನ್ನು ಕೂಡಿಸಿ, ಯಾವ ಫೋನು ಏನು ಹೇಳಿತು ಎಂದು ಊಹಿಸುವುದೇ ನಮ್ಮ ವಿದ್ಯೆ. ಅದಕ್ಕೆ ಸಿಗ್ನಲ್ ಪತ್ತೆ ಅನ್ನುವ ಗಂಭೀರ ಹೆಸರಿದೆ.

ನನಗೆ ಈ ಕನ್ವರ್ಟರುಗಳ ಮೇಲೆ ಸಿಟ್ಟಿರಲಿಲ್ಲ. ಇಡೀ ನೌಕರಿಯಲ್ಲಿ ನನ್ನ ಮೇಲಿನವರೆಲ್ಲ ಇದೇ ನಮೂನೆಯವರು. ನಾವು ಏನೇ ಹೇಳಿದರೂ ಅವರಿಂದ ಬರುವುದು ಹೌದು ಇಲ್ಲವೇ ಅಲ್ಲ, ನಡುವಿನದು ಅವರ ಕಿವಿಗೆ ಬೀಳುತ್ತಿರಲಿಲ್ಲ. ಕನ್ವರ್ಟರು ಕನಿಷ್ಠ ಅಗ್ಗವಾದರೂ ಇತ್ತು.

ಕೊನೆಯ ವರ್ಷಗಳಲ್ಲಿ ನಮಗೆ ಸಿಕ್ಕ ಸಾಹೇಬರು ಬಿಳಿ ಬೂಟಿನವರು. ನಮ್ಮ ಕಡೆಯ ಕರಿಮಣ್ಣಿಗೆ ಬಿಳಿ ಬೂಟು ಹಾಕಿಕೊಂಡು ಬರುವ ಧೈರ್ಯಕ್ಕೇ ಅವರಿಗೆ ಆ ಹುದ್ದೆ ಕೊಟ್ಟಿರಬೇಕು. ಸಿಗ್ನಲ್ ಬರುತ್ತಿಲ್ಲ ಅಂದರೂ, ತಪ್ಪು ಬರುತ್ತಿದೆ ಅಂದರೂ, ಜನರೇಟರ್ ಹೊಗೆ ಬಿಡುತ್ತಿದೆ ಅಂದರೂ ಅವರದು ಒಂದೇ ಔಷಧ: ‘ಪಾವರ್ ವಾಢವಾ.’ ಅಂದರೆ, ಜೋರು ಮಾಡಿ.

ನಿಲಂಗಾದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಾಳಿಗೆಯ ಮೇಲೆ ಹಲಗೆ ಕೂರಿಸಿ ಮೊದಲ ಪರೀಕ್ಷೆ ನಡೆಸಿದೆವು. ಸಿಗ್ನಲ್ ಪತ್ತೆಯ ಪ್ರೋಗ್ರಾಮು ಬರೆದವಳು ಶಾಹೀನ್, ಉದಗೀರದ ಹುಡುಗಿ. ತಾಯಿ ಬೀದರಿನವರಾದ್ದರಿಂದ ನನ್ನ ಜೊತೆ ಕನ್ನಡ, ಸಾಹೇಬರ ಜೊತೆ ಮರಾಠಿ, ಯಂತ್ರದ ಜೊತೆ ದಖನಿ ಬೈಗುಳ. ಎದುರು ಮಾಳಿಗೆಯ ಪರೀಕ್ಷಾ ಫೋನಿನಿಂದ ಅಲ್ಲೊಂದು ಇಲ್ಲೊಂದು ತಪ್ಪು ಬರುತ್ತಿತ್ತು. ಸಾಹೇಬರು ಔಷಧ ಬರೆದರು. ಫೋನನ್ನು ಜೋರು ಮಾಡಿದೆವು, ತಪ್ಪು ಹೆಚ್ಚಿತು. ಇನ್ನೂ ಜೋರು ಮಾಡಿದೆವು, ಇನ್ನೂ ಹೆಚ್ಚಿತು. ಸಾಹೇಬರು ಬಿಸಿಲಿನ ಕಡೆ ಅನುಮಾನದಿಂದ ನೋಡಿದರು.

ಶಾಹೀನ್ ನನ್ನನ್ನು ನೀರಿನ ಟಾಕಿಯ ನೆರಳಿಗೆ ಕರೆದಳು.

‘ಸರ್, ಇವಕ್ಕ ಸ್ವಲ್ಪ ಗದ್ದಲ ಬೇಕ್ರಿ. ಸಣ್ಣ ದನಿ ಬಂತಂದ್ರ ಗದ್ದಲದಾಗ ಕೂಡಿ ಕೆಲವು ಮ್ಯಾಲ ಅಂತಾವ, ಕೆಲವು ಕೆಳಗ ಅಂತಾವ. ಎಷ್ಟು ಮ್ಯಾಲ ಅಂದ್ವು, ಎಷ್ಟು ಕೆಳಗ ಅಂದ್ವು ನೋಡಿದ್ರ ಅಲೆ ಎಷ್ಟದ ಅಂತ ತಿಳೀತದ. ಜೋರ್ ಮಾಡಿದ್ರಿ ಅಂದ್ರ ಎಲ್ಲಾವೂ ಒಮ್ಮೆಗೇ ಮ್ಯಾಲ ಅಂತಾವ. ಆಮ್ಯಾಲ ಏನು ತಿಳೀತದ್ರಿ?’

‘ಹೋಗಿ ಸಾಹೇಬ್ರಿಗಿ ಹೇಳವ್ವ,’ ಅಂದೆ.

‘ನೀವೇ ಹೇಳ್ರಿ ಸರ್. ನಿಮ್ದು ಇನ್ನ ಸ್ವಲ್ಪೇ ದಿನ ನೌಕ್ರಿ ಉಳದದ.’

ಇಬ್ಬರೂ ಹೋಗಿ ಹೇಳಿದೆವು. ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪ್ರೀತಿಯಿಂದ, ‘ಬೇಟಾ, ಜೋರಾಗಿ ಹೇಳಿದರೆ ಯಾರಿಗಾದರೂ ಕೇಳುತ್ತದೆ,’ ಅಂದರು. ಅವರು ಹೋದ ಮೇಲೆ ಶಾಹೀನ್ ಸದ್ದಿಲ್ಲದೆ ಫೋನಿನ ಜೋರು ತಗ್ಗಿಸಿದಳು, ತಪ್ಪು ಕಡಿಮೆಯಾಯಿತು, ಸಾಹೇಬರು ತಮ್ಮ ಔಷಧ ಹತ್ತಿತು ಎಂದು ಪುಣೆಗೆ ತಿಳಿಸಿದರು. ಎಲ್ಲರೂ ಸಂತೋಷವಾಗಿದ್ದೆವು.

ಉದಗೀರದ ಕಥೆ ಇನ್ನೂ ಸೊಗಸು. ಅಲ್ಲಿ ಹಲಗೆಯ ಕಂಬಕ್ಕೆ ಬಣ್ಣ ಹಚ್ಚಲು ಬಂದ ಪೇಂಟರ್ ಭಾರಿ ಶಿಸ್ತಿನ ಮನುಷ್ಯ. ಕೇಬಲ್ಲಿಗೆ ಬಣ್ಣ ತಾಗಬಾರದು ಅಂತ ಎಲ್ಲವನ್ನೂ ಬಿಚ್ಚಿ, ಕೆಲಸ ಮುಗಿದ ಮೇಲೆ ವಾಪಸ್ ಹಾಕಿದ್ದ. ಅವು ಯಾವ ಕ್ರಮದಲ್ಲಿ ಇದ್ದವೋ ಅವನಿಗೇನು ಗೊತ್ತು. ಒಂದು ಕಪ್ಪು, ಒಂದು ಬೂದು, ಮತ್ತೊಂದು ಕಪ್ಪು, ಹೀಗೆ ನೋಡಲು ಚೆಂದ ಕಾಣುವ ಹಾಗೆ ಜೋಡಿಸಿದ್ದ. ಅಲೆ ಯಾವ ಆಂಟೆನಾಕ್ಕೆ ಮೊದಲು ಮುಟ್ಟಿತು ಎಂದು ನೋಡಿಯೇ ಯಂತ್ರ ದಿಕ್ಕು ಹೇಳುವುದು, ಹೀಗಾಗಿ ಮರುದಿನದಿಂದ ಪೇಟೆಯಲ್ಲಿ ನಿಂತ ಫೋನು ನಮ್ಮ ಪರದೆಯಲ್ಲಿ ಕೆರೆಯ ನಡುವೆ ಕಾಣತೊಡಗಿತು. ನಾನು ಕಂಬ ಹತ್ತುವಷ್ಟರಲ್ಲಿ ಸಾಹೇಬರು ಪುಣೆಯಲ್ಲಿ ಒಂದು ಭಾಷಣ ಮುಗಿಸಿದ್ದರು: ಮರಾಠವಾಡಾದ ಕೆರೆಗಳ ನೀರು ರೇಡಿಯೋ ಅಲೆಯನ್ನು ವಿಶೇಷವಾಗಿ ಪ್ರತಿಫಲಿಸುತ್ತದೆ ಅಂತ. ಆ ಕೆರೆಯಲ್ಲಿ ಆಗ ಎಮ್ಮೆಯ ಮೈ ತೋಯುವಷ್ಟೂ ನೀರಿರಲಿಲ್ಲ. ಕೇಬಲ್ ಸರಿಮಾಡಿದೆವು, ಭಾಷಣ ಹಾಗೇ ಉಳಿಯಿತು. ಈಗಲೂ ಎಲ್ಲೋ ಯಾರೋ ಅದನ್ನು ಓದಿ ತಲೆ ಕೆರೆದುಕೊಳ್ಳುತ್ತಿರಬಹುದು.

ನಾನು ಉದಗೀರದಲ್ಲಿ ಪೇಂಟರನ ಜೊತೆ ಕುಸ್ತಿ ಹಿಡಿದಿದ್ದಾಗಲೇ ಮೂರನೆಯ ಪರೀಕ್ಷೆ ಶುರುವಾಯಿತು. ಇದು ಕೊನೆಯದು, ನಾನು ಇದನ್ನೆಲ್ಲ ಬರೆಯಲು ಕೂತದ್ದೂ ಇದರ ಸಲುವಾಗಿಯೇ.

ಊರು ದಾಳಿಂಬ ಅನ್ನುವ ಹಳ್ಳಿಯಿಂದ ಸ್ವಲ್ಪ ಆಚೆ, ತೊಂಬತ್ತಮೂರರ ಭೂಕಂಪದ ಬಳಿಕ ಸರ್ಕಾರ ಕಟ್ಟಿಕೊಟ್ಟ ಊರುಗಳಲ್ಲಿ ಒಂದು. ಆಗಲೇ ಎರಡು ದಶಕ ದಾಟಿತ್ತು. ನೆಟ್ಟಗಿನ ರಸ್ತೆ, ಸಾಲು ಮನೆ, ಎಲ್ಲ ಮನೆಯೂ ಒಂದೇ ಅಳತೆ, ಮೇಲೆ ಸ್ಲ್ಯಾಬು. ಸಾಹೇಬರಿಗೆ ಊರು ನೋಡಿ ಕಣ್ಣು ತುಂಬಿ ಬಂತು. ತಮ್ಮ ಯಂತ್ರಕ್ಕಾಗಿಯೇ ಯಾರೋ ಕಟ್ಟಿಸಿದ್ದಾರೆ ಅನಿಸಿರಬೇಕು. ನೀರಿನ ಟಾಕಿಯ ಮೇಲೆ ಹಲಗೆ ಕೂರಿಸಿ, ಮನೆ ಮನೆಯ ಮುಂದಿನ ಕಿಟಕಿಯಲ್ಲಿ ಒಂದೊಂದು ಪರೀಕ್ಷಾ ಫೋನು ಇಡಿಸಿದರು. ಫಲಿತಾಂಶ ಅದ್ಭುತವಾಗಿ ಬಂತು. ಅಷ್ಟು ಒಳ್ಳೆಯ ಫಲಿತಾಂಶ ಲ್ಯಾಬಿನಲ್ಲೂ ಬಂದಿರಲಿಲ್ಲ.

ನಾನು ಉದಗೀರದಿಂದ ಬಂದ ದಿನ ಶಾಹೀನ್ ಮುಖ ಗಂಟು ಹಾಕಿಕೊಂಡು ಕೂತಿದ್ದಳು.

‘ಮಠಪತಿ ಸರ್, ಮನ್ಯಾಗ ಮಂದಿ ಓಡ್ಯಾಡಿದ್ರ ಸಿಗ್ನಲ್ ಅಲ್ಲಾಡಬೇಕಲ್ರಿ? ಇಲ್ಲಿ ಯಾವ್ದೂ ಅಲ್ಲಾಡಂಗಿಲ್ಲ. ಮುಂಜಾನಿ ಹೆಂಗದ, ಸಂಜಿಕೂ ಹಂಗೇ ಅದ.’

‘ಒಳಗ ಹೋಗಿ ನೋಡಿದೇನು?’

‘ಅಲ್ಲಿಂದೇ ಬಂದೀನ್ರಿ. ಒಳಗ ಯಾರೂ ಇಲ್ಲ. ಬರೇ ತೊಗರಿ ಚೀಲ ಅವ.’

ಆ ಊರಿನ ಜನ ಸ್ಲ್ಯಾಬಿನ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಮೈಮೇಲೆ ಒಮ್ಮೆ ಮನೆ ಬಿದ್ದವರು ಮತ್ತೆ ಗಟ್ಟಿ ಮಾಳಿಗೆಯ ಕೆಳಗೆ ಮಲಗಲು ಒಪ್ಪಿರಲಿಲ್ಲ. ಮನೆಯ ಹಿಂದೆ ತಗಡಿನ ಶೆಡ್ಡು, ಅಲ್ಲಿನವರ ಮಾತಿನಲ್ಲಿ ಪತ್ರಾ, ಹಾಕಿಕೊಂಡು ಅಲ್ಲೇ ಒಲೆ, ಅಲ್ಲೇ ಹಾಸಿಗೆ. ಸ್ಲ್ಯಾಬಿನ ಕೆಳಗೆ ಜೋಳ, ತೊಗರಿ, ಸೋಯಾಬೀನು. ನಮ್ಮ ಕಂಪನಿ ಇಷ್ಟು ದಿನ ತೊಗರಿ ಚೀಲಗಳಿಗೆ ಅತ್ಯುತ್ತಮ ಸೇವೆ ಕೊಟ್ಟಿತ್ತು, ಅವೂ ಒಂದು ದೂರು ಹೇಳಿರಲಿಲ್ಲ.

ಪತ್ರಾದ ಒಳಗಿನಿಂದ ನೋಡಿದರೆ ಕಥೆಯೇ ಬೇರೆ. ತಗಡು ಅಲೆಯನ್ನು ತಡೆಯುತ್ತದೆ, ಟಾಕಿಯ ಕಡೆಗೆ ಬೆನ್ನು ಬೇರೆ. ಅಲ್ಲಿಂದ ಹೊರಟ ದನಿ ನಮ್ಮ ಹಲಗೆಗೆ ಪಿಸುಮಾತಾಗಿ ಬರುತ್ತಿತ್ತು. ಪಿಸುಮಾತು ಒಂದೇ ಬಂದರೆ ಅಗ್ಗದ ಕನ್ವರ್ಟರುಗಳು ಚೆನ್ನಾಗಿಯೇ ಹಿಡಿಯುತ್ತಿದ್ದವು. ಆದರೆ ಟಾಕಿಯ ಹತ್ತಿರ ಇನ್ನೊಬ್ಬ ಪೂರ್ತಿ ಜೋರಿನ ಫೋನು ಹಿಡಿದನೆಂದರೆ ಮುಗಿಯಿತು. ಅವನು ಮೇಲೆ ಅಂದರೆ ಎಲ್ಲವೂ ಮೇಲೆ, ಕೆಳಗೆ ಅಂದರೆ ಎಲ್ಲವೂ ಕೆಳಗೆ. ಪಿಸುಮಾತು ಅಲ್ಲೇ ಸತ್ತುಹೋಗುತ್ತಿತ್ತು. ತೂಗಿ ಹೇಳುವ ಕನ್ವರ್ಟರು ಇದ್ದರೆ ದೊಡ್ಡ ದನಿಯನ್ನು ಕಳೆದು ಉಳಿದದ್ದನ್ನು ಹುಡುಕಬಹುದು. ಇಲ್ಲಿ ಕಳೆದರೆ ಉಳಿಯುವುದು ಏನೂ ಇಲ್ಲ. ಮೊದಲೇ ದೊಡ್ಡ ದನಿ ತಗ್ಗಬೇಕು, ಬೇರೆ ದಾರಿಯಿಲ್ಲ. ಶಾಹೀನ್ ಅದಕ್ಕೆ ಬೇಕಾದ ಪ್ರೋಗ್ರಾಮನ್ನೂ ಬರೆದಿಟ್ಟಿದ್ದಳು: ದೊಡ್ಡ ದನಿಯ ಫೋನಿಗೆ ಯಂತ್ರವೇ ‘ಸ್ವಲ್ಪ ಮೆತ್ತಗೆ’ ಎಂದು ಹೇಳುತ್ತದೆ. ಸಾಹೇಬರು ಅದನ್ನು ಹಾಕಲು ಬಿಡಲಿಲ್ಲ. ಜೋರು ಕಡಿಮೆ ಮಾಡುವ ಕಂಪನಿ ಎಲ್ಲಾದರೂ ಉಂಟೇ?

ಕೊನೆಯ ಸಾಲಿನ ಪತ್ರಾದಲ್ಲಿ ರತ್ನವ್ವ ಇರುತ್ತಿದ್ದರು. ಹೊಲಮನೆ ಇದ್ದ ಹಳೆಯ ಶಿವಭಕ್ತರ ಮನೆತನ, ಮೈದುನನ ತುಂಬು ಸಂಸಾರದ ಜೊತೆ ಇದ್ದವರು. ನಾನು ಮಠಪತಿ ಎಂದು ತಿಳಿದ ಕೂಡಲೇ ‘ಬರ್ರಿ ಸ್ವಾಮಿ’ ಎಂದು ಕಂಬಳಿ ಹಾಸಿದರು. ಮಗಳು ಮಹಾದೇವಿಯನ್ನು ಉದಗೀರಕ್ಕೆ ಕೊಟ್ಟಿದ್ದರು. ದಿನಾ ಮಧ್ಯಾಹ್ನ ಮಗಳಿಗೆ ಫೋನು ಮಾಡುವುದು ಲಿಂಗಪೂಜೆಯಷ್ಟೇ ತಪ್ಪದ ನೇಮ. ದಾಳಿಂಬದ ಕಡೆಯ ನಮ್ಮ ಹಳೆಯ ಟವರು ಪತ್ರಾದ ಬಾಗಿಲಿಗೆ ಎದುರಾಗಿತ್ತು, ಅದರ ಕಿವಿಯೂ ಚುರುಕು, ಹೀಗಾಗಿ ಇಷ್ಟು ವರ್ಷ ತೊಂದರೆ ಇರಲಿಲ್ಲ. ಈಗ ಪರೀಕ್ಷೆ ಪಾಸಾದರೆ ಆ ಟವರು ಬಂದ್, ನಮ್ಮ ಹಲಗೆಯೇ ಗತಿ.

ಸ್ಲ್ಯಾಬಿನ ಮನೆಯಿಂದ ಮಾತಾಡಿದರೆ ಆಗುವುದಿಲ್ಲವೇ ಎಂದು ನಾನೇ ಕೇಳಿದೆ. ಅವರು ತಾಟಿನಲ್ಲಿ ಜೋಳ ಹಸನು ಮಾಡುತ್ತ ಹೇಳಿದರು:

‘ಸ್ಲ್ಯಾಬಿನ ಮನಿ ಚೀಲಕ್ಕ ಚಲೋ ಅದ ಸ್ವಾಮಿ. ಮಂದಿಗಿ ಅಲ್ಲ. ನಾ ಒಳಗ ಕಾಲಿಟ್ಟಿಲ್ಲ. ಆ ದಿನ ಕಲ್ಲಿನ ಮನಿ ಪೂರಾ ಮೈಮ್ಯಾಲ ಬಿದ್ದಿತ್ತು. ಮ್ಯಾಲ ಮಂದಿ ಅಳ್ಳತ್ತಿದ್ರು, ಒದರ್ಲತ್ತಿದ್ರು. ಕೆಳಗಿಂದ ನಾ ಕೂಗಿದ್ರ ಯಾರಿಗಿ ಕೇಳ್ತದ? ನಮ್ಮ ಮಾವ ಒಂದು ತಾಟ ಹುಡುಕಿ ಬಡ್ದಾರ. ಎಲ್ಲಾರೂ ಬಾಯಿ ಮುಚ್ರಿ, ಕೆಳಗ ಯಾರದರ ದನಿ ಅದೇನು ಕೇಳೂನು ಅಂದಾರ. ಆವಾಗ ನನ್ನ ದನಿ ಕೇಳ್ಯಾದ. ಮಹಾದೇವಿ ನನ್ನ ಸೆರಗಿನಾಗಿದ್ಳು. ಗಂಡುಮಕ್ಕಳು ಇಬ್ರು ಆ ಕಡಿ ಕೋಣ್ಯಾಗಿದ್ರು.’

ಅಷ್ಟು ಹೇಳಿ ಮತ್ತೆ ಜೋಳದಲ್ಲಿ ಕಲ್ಲು ಹುಡುಕಿದರು.

ಅಂದಿನಿಂದ ಆ ಊರಿನಲ್ಲಿ ಒಂದು ರೂಢಿ ಬೆಳೆದಿದೆ. ಎಲ್ಲಾದರೂ ತಾಟು ಬಡಿದ ಸದ್ದು ಕೇಳಿದರೆ, ಯಾರು ಏನೇ ಮಾಡುತ್ತಿರಲಿ, ಬಾಯಿ ಮುಚ್ಚಿ ನಿಲ್ಲುತ್ತಾರೆ. ಮಗು ತಪ್ಪಿಸಿಕೊಂಡಾಗ, ಬಾವಿಯಲ್ಲಿ ಕರು ಬಿದ್ದಾಗ ಬಡಿಯುತ್ತಾರೆ. ಟ್ರ್ಯಾಕ್ಟರ್ ಓಡಿಸುವವನೂ ಎಂಜಿನ್ ಬಂದ್ ಮಾಡುತ್ತಾನೆ. ಭೂಕಂಪ ಆದ ಮೇಲೆ ಹುಟ್ಟಿದವರೂ ಮಾಡುತ್ತಾರೆ, ಯಾಕೆಂದು ಕೇಳಿದರೆ ನಮ್ಮಲ್ಲಿ ಹಾಗೇ ಅನ್ನುತ್ತಾರೆ.

ನಾನು ಸಾಹೇಬರ ಹತ್ತಿರ ಹೋಗಿ, ರತ್ನವ್ವನವರ ಕಥೆ ಹೇಳಿ, ಪತ್ರಾದವರ ದನಿ ಕೇಳುವವರೆಗೆ ಹಳೆಯ ಟವರು ಬಂದ್ ಮಾಡಬಾರದು ಎಂದೆ. ಮುಂದಿನ ವಾರ ಪುಣೆಯಿಂದ ದೊಡ್ಡವರು ಪ್ರದರ್ಶನ ನೋಡಲು ಬರುವವರಿದ್ದರು.

‘ಆ ಮುದುಕಿಯ ಫೋನ್ ಕಾಲನ್ನೇ ಪ್ರದರ್ಶನದಲ್ಲಿ ಇಡೋಣ. ಭೂಕಂಪದ ತಾಯಿ, ದೂರದ ಮಗಳು. ಜನ ಅಳುತ್ತಾರೆ,’ ಅಂದರು.

‘ಪತ್ರಾದಿಂದ ಕೇಳಿಸುವುದಿಲ್ಲ ಸಾಹೇಬ್.’

‘ಮನೆಯೊಳಗೆ ನಿಲ್ಲಿಸು. ಸರ್ಕಾರ ಮನೆ ಕಟ್ಟಿಕೊಟ್ಟಿದ್ದು ಯಾಕೆ?’

ರತ್ನವ್ವನವರನ್ನು ಕೇಳಿದೆ. ತಮ್ಮ ಮಾತು ನಾಲ್ಕು ಮಂದಿ ಕೇಳಿದರೆ ಅಡ್ಡಿಯಿಲ್ಲ, ಆದರೆ ಪತ್ರಾದಲ್ಲೇ ಕೂರುತ್ತೇನೆ ಅಂದರು. ಸಾಹೇಬರಿಗೆ ಅದನ್ನೇ ಹೇಳಿದೆ. ಅವರು ನನ್ನ ಬೆನ್ನು ತಟ್ಟಿ ಪಾವರ್ ವಾಢವಾ ಅಂದರು.

ಪ್ರದರ್ಶನದ ದಿನ ಶಾಲೆಯ ಮೈದಾನದಲ್ಲಿ ಪೆಂಡಾಲು, ಶಾಲು, ತೆಂಗಿನಕಾಯಿ, ಊರಿಗೆಲ್ಲ ಕೇಳುವ ಲೌಡ್‌ಸ್ಪೀಕರು. ಯಂತ್ರ ಎಷ್ಟು ಮಂದಿಯ ಫೋನನ್ನು ಒಮ್ಮೆಗೇ ಹಿಡಿಯುತ್ತದೆ ಎಂದು ತೋರಿಸಲು ಊರಿನ ತರುಣರಿಗೆಲ್ಲ ಪರೀಕ್ಷಾ ಫೋನು ಕೊಟ್ಟು ಟಾಕಿಯ ಸುತ್ತ ನಿಲ್ಲಿಸಿದ್ದರು. ಎಲ್ಲ ಫೋನೂ ಪೂರ್ತಿ ಜೋರು. ಅವರ ಹರಟೆಯೆಲ್ಲ ಸ್ಪೀಕರಿನಲ್ಲಿ ಒಂದಾದ ಮೇಲೊಂದು ಖಣಖಣ ಕೇಳಿತು. ಔರಾದ ಶಹಾಜನಿಯ ಸಂತೆಯಲ್ಲಿ ಮನೆಯವರಿಗೆ ಹೇಳದೆ ಎತ್ತು ಮಾರಿದವನೊಬ್ಬನ ಗುಟ್ಟೂ ಹೊರಬಿತ್ತು. ದೊಡ್ಡವರು ಚಪ್ಪಾಳೆ ತಟ್ಟಿದರು.

ಆಮೇಲೆ ಸಾಹೇಬರು ಮೈಕಿನಲ್ಲಿ ದನಿ ನಡುಗಿಸಿ ಭೂಕಂಪದ ತಾಯಿಯ ಬಗ್ಗೆ ಹೇಳಿ, ಶಾಹೀನಳಿಗೆ ಕೈ ಮಾಡಿದರು. ಆಕೆ ರತ್ನವ್ವನವರ ಕೈಗೆ ಕೊಟ್ಟಿದ್ದ ಪರೀಕ್ಷಾ ಫೋನನ್ನು ಸ್ಪೀಕರಿಗೆ ಹಾಕಿದಳು. ಕರ್ ಕರ್ ಎಂದು ಎರಡು ತುಂಡು ಸದ್ದು ಬಂತು, ನಿಂತುಹೋಯಿತು. ಮತ್ತೆ ಹಾಕಿದಳು. ಏನೂ ಇಲ್ಲ. ಸಾಹೇಬರು ಮೈಕು ಮುಚ್ಚಿಕೊಂಡು ನನ್ನ ಕಡೆ ತಿರುಗಿ ಹಲ್ಲು ಕಚ್ಚಿದರು.

‘ಆಕೆಯನ್ನು ಒಳಗೆ ನಿಲ್ಲಿಸು ಅಂದಿರಲಿಲ್ಲವೇ? ಹೋಗು.’

ನಾನು ಕೊನೆಯ ಸಾಲಿಗೆ ಹೋದೆ. ರತ್ನವ್ವ ಆಗಲೇ ಪತ್ರಾದಿಂದ ಹೊರಗೆ ಬಂದು, ಸ್ಲ್ಯಾಬಿನ ಮನೆಯ ಹೊಸ್ತಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಚೌಕಟ್ಟು ಗಟ್ಟಿಯಾಗಿ ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಫೋನು. ಒಂದು ಕಾಲು ಒಳಗೆ ಇಡಲು ಎತ್ತಿದ್ದರು.

‘ಮಗಳು ಹಲೋ ಹಲೋ ಅಂತಾಳ ಸ್ವಾಮಿ, ನನ್ನ ದನಿ ಆಕಿಗಿ ಹೋಗವಲ್ದು. ಅಂಜ್ಲತ್ತಾಳ. ಒಳಗ ಹೋಗ್ತೀನಿ, ಇರ್ಲಿ.’

ನನಗೆ ಬಂದ ಸಿಟ್ಟು ಇಡೀ ನೌಕರಿಯಲ್ಲಿ ಬಂದಿರಲಿಲ್ಲ. ಆ ಕಾಲನ್ನು ಎತ್ತಿಸಿದ್ದು ಭೂಕಂಪವಲ್ಲ, ನಾವು. ನಾಲ್ಕು ಕಾಸಿನ ಕನ್ವರ್ಟರು ಮತ್ತು ಬಿಳಿ ಬೂಟು.

‘ಬ್ಯಾಡ ಆಯಿ. ಪತ್ರಾದಾಗೇ ಕುಂಡ್ರಿ. ಫೋನ್ ಇಡಬ್ಯಾಡ್ರಿ,’ ಅಂದೆ.

ಅವರು ಪತ್ರಾದ ಒಳಗೆ ಹೋಗಿ ಕೂತರು. ಜೋಳದ ತಾಟು ಬಾಗಿಲ ಬಳಿಯೇ ಇತ್ತು. ಜೋಳವನ್ನು ಚೀಲದ ಮೇಲೆ ಸುರಿದು, ಒಲೆಯ ಹತ್ತಿರದ ಸೌಟು ತೆಗೆದುಕೊಂಡು ಓಣಿಯ ನಡುವೆ ನಿಂತು ಬಡಿದೆ. ಕೈ ನೋಯುವವರೆಗೆ ಬಡಿದೆ.

ಮೊದಲು ಓಣಿ ಸುಮ್ಮನಾಯಿತು. ಆಮೇಲೆ ಮೈದಾನ. ಟಾಕಿಯ ಸುತ್ತಲಿನ ತರುಣರು ಮಾತು ಅರ್ಧಕ್ಕೇ ಬಿಟ್ಟು ಫೋನು ಕಟ್ ಮಾಡಿದರು. ರಸ್ತೆಯಲ್ಲಿ ಶೇರ್ ಆಟೋ ನಿಂತು ಎಂಜಿನ್ ಬಂದ್ ಆಯಿತು. ಸಾಹೇಬರ ದನಿ ಮಾತ್ರ ಸ್ಪೀಕರಿನಲ್ಲಿ ‘ಕಾಯ್ ಝಾಲಂ, ಕಾಯ್ ಝಾಲಂ’, ಅಂದರೆ ಏನಾಯಿತು, ಎಂದು ಕೇಳಿ, ಪಕ್ಕದಲ್ಲಿ ಯಾರೋ ಬೈದಿರಬೇಕು, ಅದೂ ನಿಂತಿತು.

ಆಗ ಸ್ಪೀಕರಿನಿಂದ ರತ್ನವ್ವನವರ ಪಿಸುಮಾತು ಇಡೀ ಊರಿಗೆ ಕೇಳಿಸಿತು. ಒಂದಕ್ಷರ ತುಂಡಾಗಿರಲಿಲ್ಲ.

‘ಸುಮ್ನಿರು ಮಹಾದೇವಿ. ತಾಟ ಬಡ್ದಾರ. ಯಾರೋ ಕೆಳಗ ಸಿಕ್ಕೊಂಡಾರ ಕಾಣ್ತದ. ಮಾತಾಡಬ್ಯಾಡ, ಕೇಳೂನು.’

ಸ್ಪೀಕರಿನಲ್ಲಿ ಅವರ ಉಸಿರು ಮಾತ್ರ ಬರುತ್ತಿತ್ತು.

ಇದರ ಮುಂದಿನದು ನಿಮಗೆ ಊಹೆಗೆ ಸಿಗುವಂಥದ್ದೇ. ದೊಡ್ಡವರು ಇದು ಹೇಗಾಯಿತು ಎಂದು ಕೇಳಿದರು, ಶಾಹೀನ್ ಹೇಳಿದಳು, ದೊಡ್ಡ ದನಿಯನ್ನು ತಗ್ಗಿಸುವ ಅವಳ ಪ್ರೋಗ್ರಾಮು ಯಂತ್ರಕ್ಕೆ ಬಂತು. ಪತ್ರಾದವರ ದನಿ ಚೆನ್ನಾಗಿ ಕೇಳುವವರೆಗೆ ಹಳೆಯ ಟವರು ಉಳಿಯಿತು. ಸಾಹೇಬರು ಆ ಪ್ರೋಗ್ರಾಮಿಗೆ ಇಂಗ್ಲಿಷಿನಲ್ಲಿ ಒಂದು ಉದ್ದ ಹೆಸರಿಟ್ಟು, ಅದು ತಮಗೆ ನಿಲಂಗಾದಲ್ಲೇ ಹೊಳೆದಿತ್ತು ಎಂದು ಎಲ್ಲ ಕಡೆ ಹೇಳಿದರು. ಅವರಿಗೆ ಬಡ್ತಿ ಸಿಕ್ಕಿತು. ನನಗೆ, ಅನುಮತಿಯಿಲ್ಲದೆ ಪ್ರದರ್ಶನಕ್ಕೆ ಅಡ್ಡಿ ಮಾಡಿದ್ದು ಯಾಕೆ ಎಂಬ ಪ್ರಶ್ನೆ ಬಂತು. ಹೊಸಬರು ಇದನ್ನು ನೆನಪಿಟ್ಟುಕೊಳ್ಳಬೇಕು: ಕನ್ವರ್ಟರನ್ನು ಸುಧಾರಿಸಬಹುದು.

ಆದರೆ ಆ ದಿನ ನಾನು ಮತ್ತೆ ಮೈದಾನಕ್ಕೆ ಹೋಗಲಿಲ್ಲ. ತಾಟು ವಾಪಸ್ ಕೊಡಲು ಪತ್ರಾದ ಬಾಗಿಲಿಗೆ ಬಂದೆ. ರತ್ನವ್ವ ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದರು. ನನ್ನನ್ನು ನೋಡಿ, ಬಾಯಿಗೆ ಬೆರಳಿಟ್ಟು, ಕಣ್ಣಿನಲ್ಲೇ ಯಾರು ಎಂದು ಕೇಳಿದರು.

‘ಯಾರೂ ಇಲ್ಲ ಆಯಿ. ನಿಮ್ಮ ದನಿ ಕೇಳ್ಬೇಕಂತ ನಾನೇ ಬಡ್ದೀನಿ.’

ಅವರು ನನ್ನನ್ನೂ ತಾಟನ್ನೂ ನೋಡಿದರು.

‘ನನ್ನ ಸಲುವಾಗೇನು?’ ಅಂದರು. ‘ನನಗ ಅವತ್ತೇ ಹೊರಗ ತೆಗ್ದಾರಲ್ಲ, ಸ್ವಾಮಿ.’